ಪಿಎಚ್‌ಸಿಯಲ್ಲಿ ಒಂದು ಕ್ಯಾನ್ಸರ್ ತಪಾಸಣೆಯ ದಿನ

ತಪಾಸಣೆಯ ದಿನ ಶುರುವಾಗುವುದು ಹಿಂದಿನ ಸಂಜೆಯೇ, ಆಶಾ ಕಾರ್ಯಕರ್ತೆ ಮನೆಮನೆ ಸುತ್ತುವಾಗ. "ನಂಗೇನಾಗಿದೆ? ಗಟ್ಟಿಮುಟ್ಟಾಗೇ ಇದೀನಲ್ಲ" ಅನ್ನುವ ಹೆಂಗಸೇ ಮಾರನೆಯ ದಿನ ಬರಬೇಕಾದವಳು. "ಅದಕ್ಕೇ ಬಾ ಅಂತಿರೋದು ಅಕ್ಕಾ" ಎಂದು ಅವಳನ್ನು ಒಪ್ಪಿಸುವಷ್ಟು ಕಷ್ಟ ಮುಂದಿನ ಯಾವ ಹಂತದಲ್ಲೂ ಇಲ್ಲ. ಎದೆಯಲ್ಲಿ ಗಂಟು ಕೈಗೆ ಸಿಕ್ಕವರು, ಮುಟ್ಟು ನಿಂತ ಮೇಲೂ ರಕ್ತ ಕಂಡವರು, ಎರಡು ವಾರವಾದರೂ ಬಾಯಿಯ ಹುಣ್ಣು ಮಾಯದವರು ಈ ಸಾಲಿಗೆ ಸೇರಿದವರಲ್ಲ. ಅವರು ನೇರವಾಗಿ ವೈದ್ಯರ ಹತ್ತಿರ ಹೋಗಬೇಕು. ತಪ್ಪಿ ಸಾಲಿನಲ್ಲಿ ಕೂತು 'ನೆಗೆಟಿವ್' ಎಂಬ ಚೀಟಿ ಪಡೆದರೆ, ಆ ಚೀಟಿಯೇ ಅವರ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ತಡಮಾಡುತ್ತದೆ.

ದೇಶದ ಕಾರ್ಯಕ್ರಮದ ಪ್ರಕಾರ 30 ದಾಟಿದವರಿಗೆ 65ರವರೆಗೆ ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳಿನ ತಪಾಸಣೆ ಆಗಬೇಕು, ಗಂಡಸರಿಗೆ ಬಾಯಿಯದು. ಕಾಗದದ ಮೇಲೆ ಹೀಗಿದ್ದರೂ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಕೊರಳಿನ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡಿದ್ದೇವೆ ಎಂದ 30-49ರ ಮಹಿಳೆಯರು ನೂರಕ್ಕೆ ಇಬ್ಬರೂ ಇರಲಿಲ್ಲ.

ಬೆಳಗ್ಗೆ ಮೊದಲ ಕೆಲಸ, ಗರ್ಭಕೊರಳಿಗೆ ಹಚ್ಚಿ ನೋಡುವ ದ್ರಾವಣ ಕಲಸುವುದು. 95 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 5 ಮಿ.ಲೀ. ಗ್ಲೇಸಿಯಲ್ ಅಸಿಟಿಕ್ ಆಮ್ಲ. ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರಲ್ಲ. ಪ್ರತಿದಿನ ಹೊಸದಾಗಿ ಕಲಸಿ, ಬಾಟಲಿಗೆ ಹೆಸರು, ತಾರೀಕು ಅಂಟಿಸಬೇಕು. ತೀರಾ ತೆಳುವಾದರೆ ಕೆಟ್ಟ ಜಾಗದಲ್ಲಿ ಬಿಳಿ ಮೂಡುವುದಿಲ್ಲ, ರೋಗ ತಪ್ಪಿಹೋಗುತ್ತದೆ. ಕಲಸದ ಆಮ್ಲದ ಬಾಟಲಿಯೇ ಕೈಗೆ ಬಂದರೆ ಚರ್ಮ ಸುಡುತ್ತದೆ. ಎರಡೂ ಬಾಟಲಿಗಳನ್ನು ಒಂದೇ ಟ್ರೇಯಲ್ಲಿ ಇಡದಿರುವುದು ಅದಕ್ಕೇ.

ಬಾಯಿ ನೋಡಲು ಒಳ್ಳೆಯ ಟಾರ್ಚ್, ಗಾಜ್ ಬಟ್ಟೆ, ಕೈಗವಸು ಇದ್ದರಾಯಿತು. ಕೆನ್ನೆಯ ಒಳಮೈ, ವಸಡು, ನಾಲಿಗೆಯ ಅಡಿ, ಮೇಲಂಗಳ ಎಲ್ಲವನ್ನೂ ನೋಡಬೇಕು. ನಾಲಿಗೆಯ ತುದಿಯನ್ನು ಗಾಜ್‌ನಲ್ಲಿ ಹಿಡಿದು ಪಕ್ಕಕ್ಕೆ ಎಳೆಯದಿದ್ದರೆ ಅದರ ಹಿಂಬದಿಯ ಅಂಚು ಕಾಣುವುದೇ ಇಲ್ಲ. ಅವಸರದಲ್ಲಿ ಬಿಟ್ಟುಹೋಗುವ ಜಾಗ ಅದೇ. ಒರೆಸಿದರೂ ಹೋಗದ ಬಿಳಿ ಮಚ್ಚೆಯನ್ನು ಬರೆದುಕೊಳ್ಳಬೇಕು, ಕೆಂಪು ಮಚ್ಚೆ ಅದಕ್ಕಿಂತ ಅಪಾಯದ್ದು. ಎಲೆಅಡಿಕೆ, ಗುಟ್ಕಾ ಹಾಕುವವರಲ್ಲಿ ಬಾಯಿ ಎಷ್ಟು ತೆರೆಯುತ್ತದೆ ಎನ್ನುವುದೂ ಮುಖ್ಯ. ಮೂರು ಬೆರಳು ಹಿಡಿಸದಿದ್ದರೆ ಮುಂದಕ್ಕೆ ಕಳಿಸಲು ಅಷ್ಟೇ ಸಾಕು.

ಸ್ತನ ತಪಾಸಣೆಯಲ್ಲಿ ಬೆರಳ ತುದಿಯಿಂದ ಚುಚ್ಚಬಾರದು. ನಡುವಿನ ಮೂರು ಬೆರಳುಗಳ ಮೆತ್ತನೆಯ ಭಾಗವನ್ನು ಊರಿ, ಒಂದೇ ಜಾಗದಲ್ಲಿ ಮೊದಲು ಹಗುರ, ಆಮೇಲೆ ಮಧ್ಯಮ, ಕೊನೆಗೆ ಆಳವಾಗಿ ಒತ್ತುತ್ತಾ ಕಾಲರ್ ಎಲುಬಿನಿಂದ ಕೆಳಕ್ಕೂ ಮತ್ತೆ ಮೇಲಕ್ಕೂ ಸಾಲುಸಾಲಾಗಿ ಬರಬೇಕು. ಕಂಕುಳನ್ನು ಬಿಟ್ಟರೆ ಅರ್ಧ ಪರೀಕ್ಷೆ ಮಾಡಿದಂತೆ.

ಇನ್ನು ವಿಐಎ, ಅಂದರೆ ಆ ದ್ರಾವಣ ಹಚ್ಚಿ ಗರ್ಭಕೊರಳನ್ನು ಕಣ್ಣಿನಿಂದಲೇ ನೋಡುವ ಪರೀಕ್ಷೆ. ಪರದೆ ಇಲ್ಲದ ಕೋಣೆಯಲ್ಲಿ, ಬಾಗಿಲು ಪದೇಪದೇ ತೆರೆಯುವಲ್ಲಿ ಇದನ್ನು ಮಾಡಲೇಬಾರದು; ಒಬ್ಬಳು ಮುಜುಗರಪಟ್ಟು ಎದ್ದು ಹೋದರೆ ಅವಳ ಓಣಿಯೇ ಮುಂದಿನ ಸಲ ಬರುವುದಿಲ್ಲ. ಮುಟ್ಟಿನ ದಿನಗಳಲ್ಲಿ ಬೇಡ. ಮೂತ್ರ ಮಾಡಿ ಬಂದವಳನ್ನು ಮಂಡಿ ಮಡಚಿ ಮಲಗಿಸಿ, "ಅಮ್ಮಾ, ಉಸಿರು ಬಿಡಿ" ಎಂದು ಹೇಳಿ, ಅವಳು ಉಸಿರು ಬಿಟ್ಟಾಗಲೇ ಸ್ಪೆಕ್ಯುಲಮ್ (ಗರ್ಭಕೊರಳು ಕಾಣುವಂತೆ ಯೋನಿಯನ್ನು ಅಗಲಿಸಿ ಹಿಡಿಯುವ ಸಾಧನ) ಹಾಕಿದರೆ ನೋವು ಕಡಿಮೆ. ಲೋಳೆ ಒರೆಸಿ, ದ್ರಾವಣದಲ್ಲಿ ನೆನೆಸಿದ ಹತ್ತಿಯನ್ನು ಗರ್ಭಕೊರಳಿಗೆ ಒತ್ತಿ ಹಿಡಿಯಬೇಕು, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ. ಕೆಡತೊಡಗಿದ ಜೀವಕೋಶಗಳಲ್ಲಿ ಪ್ರೋಟೀನ್ ಹೆಚ್ಚಿರುತ್ತದೆ. ಹಾಲಿಗೆ ನಿಂಬೆ ಹಿಂಡಿದಂತೆ ಆಮ್ಲ ಅದನ್ನು ಸ್ವಲ್ಪ ಹೊತ್ತು ಗಟ್ಟಿಯಾಗಿಸುತ್ತದೆ, ಆ ಜಾಗ ಬೆಳ್ಳಗಾಗುತ್ತದೆ. ಅರ್ಧ ನಿಮಿಷಕ್ಕೇ ಹತ್ತಿ ತೆಗೆದವರಿಗೆ ಇದು ಕಾಣಿಸದೇ ಇರಬಹುದು. ಹಳದಿ ಬಲ್ಬಿನ ಬೆಳಕೂ ಮೋಸ ಮಾಡುತ್ತದೆ.

ಬಿಳಿ ಕಂಡಿದ್ದೆಲ್ಲ ಪಾಸಿಟಿವ್ ಅಲ್ಲ. ಒಳಪದರ ಮತ್ತು ಹೊರಪದರ ಕೂಡುವ ಗೆರೆಗೆ ಅಂಟಿಕೊಂಡು, ದಪ್ಪವಾಗಿ, ಅಂಚು ಸ್ಪಷ್ಟವಾಗಿ ಎದ್ದು ಕಂಡರೆ ಮಾತ್ರ ಪಾಸಿಟಿವ್. ಗೆರೆಯಿಂದ ದೂರದ ಮಸುಕು ಬಿಳಿ, ಚಿಕ್ಕಚಿಕ್ಕ ಗುಳ್ಳೆಗಳು ಲೆಕ್ಕಕ್ಕಿಲ್ಲ. ಮುಟ್ಟು ನಿಂತವರಲ್ಲಿ ಆ ಗೆರೆಯೇ ಒಳಕ್ಕೆ ಸರಿದಿರುತ್ತದೆ, ಆದ್ದರಿಂದ ಅವರಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅವರನ್ನು ಪ್ಯಾಪ್ (ಗರ್ಭಕೊರಳಿನ ಜೀವಕೋಶ ತೆಗೆದು ನೋಡುವುದು) ಅಥವಾ ಎಚ್‌ಪಿವಿ (ಈ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್) ಪರೀಕ್ಷೆಗೆ ಕಳಿಸಬೇಕು. ಎಚ್‌ಪಿವಿ ಪರೀಕ್ಷೆ ಎಲ್ಲ ಕಡೆ ಸಿಗುವ ದಿನ ಈ ಆಮ್ಲದ ಬಾಟಲಿ ಪಕ್ಕಕ್ಕಿಡಬಹುದು, ಇಡಬೇಕು ಕೂಡ. ಹಾಗೆಂದು ಈಗಲೇ ಅದನ್ನು ಹಗುರವಾಗಿ ಕಾಣಬೇಕಿಲ್ಲ. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಮೆಮೋರಿಯಲ್‌ನವರು ನಡೆಸಿದ ದೊಡ್ಡ ಅಧ್ಯಯನದಲ್ಲಿ, ಹತ್ತನೇ ತರಗತಿ ಓದಿದ ಕಾರ್ಯಕರ್ತೆಯರೇ ತರಬೇತಿ ಪಡೆದು ಎರಡು ವರ್ಷಕ್ಕೊಮ್ಮೆ ವಿಐಎ ಮಾಡಿದಾಗ ಗರ್ಭಕೊರಳ ಕ್ಯಾನ್ಸರ್‌ನ ಸಾವು ಶೇ. 31ರಷ್ಟು ಇಳಿಯಿತು.

'ಎರಡು ವರ್ಷಕ್ಕೊಮ್ಮೆ' ಅನ್ನುವುದನ್ನು ಗಮನಿಸಬೇಕು. ಎಚ್‌ಪಿವಿ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಬೇಗ. ಈ ಸಲ ತಪ್ಪಿದ್ದು ಮುಂದಿನ ಸಲ ಸಿಗಲು ಅಷ್ಟು ಸಮಯವಿದೆ, ಮುಂದಿನ ಸಲ ಅನ್ನುವುದು ಇದ್ದರೆ. ಬ್ಯಾನರ್ ಕಟ್ಟಿ, ಒಂದು ದಿನ ನೂರಾರು ಜನರನ್ನು ನೋಡಿ ಹೊರಟುಹೋಗುವ ಶಿಬಿರಗಳ ಬಗ್ಗೆ ಅನುಮಾನ ಹುಟ್ಟುವುದು ಇದರಿಂದಲೇ.

ಮಧ್ಯಾಹ್ನದ ಹೊತ್ತಿಗೆ ಕೆಲಸ ರಿಜಿಸ್ಟರ್‌ಗೆ ಬರುತ್ತದೆ. ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದಲ್ಲ, ಇನ್ನೊಮ್ಮೆ ಹತ್ತಿರದಿಂದ ನೋಡಬೇಕು ಎಂದಷ್ಟೇ ಅರ್ಥ. ಇದನ್ನು ಕೂರಿಸಿಕೊಂಡು ಹೇಳದೆ ಚೀಟಿ ಕೊಟ್ಟು ಕಳಿಸಿದರೆ, ಕೆಲವರು ಹೆದರಿ ಮನೆಯಲ್ಲೇ ಉಳಿಯುತ್ತಾರೆ. ಗರ್ಭಕೊರಳಿನ ಬಿಳಿ ಮಚ್ಚೆ ಚಿಕ್ಕದಾಗಿದ್ದು, ಒಳಗಿನ ನಾಳಕ್ಕೆ ಹಬ್ಬಿರದಿದ್ದರೆ, ಉಪಕರಣ ಇರುವ ಕಡೆ ಥರ್ಮಲ್ ಅಬ್ಲೇಶನ್ (ಬಿಸಿಯಿಂದ ಆ ಜಾಗವನ್ನು ಸುಡುವುದು) ಮಾಡಿ ಅದೇ ದಿನ ಮನೆಗೆ ಕಳಿಸಬಹುದು. ಉಳಿದವರಿಗೆ ಕಾಲ್ಪೊಸ್ಕೋಪಿ (ಗರ್ಭಕೊರಳನ್ನು ದೊಡ್ಡದಾಗಿಸಿ ನೋಡುವುದು), ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು). ಹೆಸರಿನ ಮುಂದೆ ಫೋನ್ ನಂಬರ್ ಬರೆಯುವಾಗ ಅದು ಯಾರದ್ದೆಂದು ಕೇಳಬೇಕು. ಎಷ್ಟೋ ಮನೆಗಳಲ್ಲಿ ಫೋನ್ ಇರುವುದು ಗಂಡನ ಅಥವಾ ಮಗನ ಜೇಬಿನಲ್ಲಿ, ಈ ವಿಷಯ ಅವರಿಗೆ ಹೇಳಬಹುದೋ ಬಾರದೋ ಎನ್ನುವುದು ಅವಳಿಗೆ ಬಿಟ್ಟದ್ದು. ಬಯಾಪ್ಸಿ ವರದಿಯನ್ನು ಯಾರು, ಯಾವ ದಿನ ತರುತ್ತಾರೆ ಎನ್ನುವುದಕ್ಕೂ ಒಂದು ಕಾಲಂ ಬೇಕು. ಚಿಕಿತ್ಸೆ ಆದವರಿಗೆ ಒಂದು ವರ್ಷದ ನಂತರದ ತಾರೀಕು, ನೆಗೆಟಿವ್ ಬಂದವರಿಗೆ ಐದು ವರ್ಷದ ನಂತರದ್ದು. ಅವರ ಕಾರ್ಡಿನಲ್ಲೂ ಅದೇ ತಾರೀಕನ್ನು ಕಾಣುವಂತೆ ದೊಡ್ಡದಾಗಿ ಬರೆದು ಕೊಡಬೇಕು.