ಪ್ಲ್ಯಾನಿನಲ್ಲಿ ಮಳೆ ಎಲ್ಲಿದೆ?

"ಮೇಡಂ, ಇದರಲ್ಲಿ ಮಳೆ ಎಲ್ಲಿದೆ?"

ಸ್ವಿಮ್ಮಿಂಗ್ ಕೋಚ್ ಹೀಗೆ ಕೇಳಿದ್ದು ಮಂಗಳವಾರ. ಇನ್ನೂ ತಲೆಯಿಂದ ಹೋಗಿಲ್ಲ. ನಾನು ಫೋನಲ್ಲಿ ತೋರಿಸಿದ್ದು ಟ್ರಯಥ್ಲಾನ್ ಹೊಸಬರ ಪ್ಲ್ಯಾನು. ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರೂ ಒಂದರ ಹಿಂದೆ ಒಂದು ಬರೋ ರೇಸು. ಎಂಟು ವಾರ, ಸೋಮವಾರ ಮಾತ್ರ ರಜೆ. ಬುಧವಾರ ಒಂದು ಗಂಟೆ ಸೈಕಲ್, ಶನಿವಾರ ಎರಡು ಗಂಟೆ. ಬಣ್ಣಬಣ್ಣದ ಚೌಕಗಳು, ನೋಡೋಕೆ ಚೆಂದ. ಅವರ ಒದ್ದೆ ಬೆರಳಿಗೆ ಸ್ಕ್ರೀನ್ ಜಗ್ಗಲಿಲ್ಲ. ಟವೆಲ್ಲಿಗೆ ಕೈ ಒರೆಸಿಕೊಂಡು ಪೂರ್ತಿ ನೋಡಿದರು, ಆಮೇಲೆ ಆ ಪ್ರಶ್ನೆ. ಹೊರಗೆ ತಗಡಿನ ಶೀಟಿನ ಮೇಲೆ ಆಷಾಢದ ಮಳೆ ಧೋ ಅಂತ ಹೊಡೀತಿತ್ತು.

ಮನುಷ್ಯ ಒರಟ. ಕಲಿಯೋಕೆ ಬಂದ ಮಕ್ಕಳಿಗಿಂತ ಅವರ ಅಪ್ಪ ಅಮ್ಮಂದಿರಿಗೆ ಜಾಸ್ತಿ ಬೈತಾರೆ. ಆದರೆ ಸುಮ್ನೆ ಮಾತಾಡೋರಲ್ಲ.

ಪ್ಲ್ಯಾನು ಕಳಿಸಿದ್ದು ಬೆಂಗಳೂರಿನ ಗೆಳತಿ. ಒಂದು ಒಲಿಂಪಿಕ್ ದೂರದ ರೇಸು ಮುಗಿಸಿದ ಮೇಲೆ ಅವಳ ಬಾಯಲ್ಲಿ ಬರೋದು ವಾಚಿನ ನಂಬರುಗಳೇ. ಮಳೆ ಬಂದರೆ ಮನೆಯ ಹಾಲ್‌ನಲ್ಲೇ ಟ್ರೈನರ್ ಅನ್ನೋ ಸ್ಟ್ಯಾಂಡಿನ ಮೇಲೆ ಸೈಕಲ್ ಕೂರಿಸಿ ತುಳೀತಾಳೆ. ನನಗಿರೋದು ತೀರ್ಥಹಳ್ಳಿ ರಸ್ತೆ. ಜುಲೈನಲ್ಲಿ ಅಲ್ಲಿ ಯಾವ ಗುಂಡಿ ಎಷ್ಟು ಆಳ ಅಂತ ಬಿದ್ದ ಮೇಲೇ ಗೊತ್ತಾಗೋದು.

ನಾನು ಕಣ್ಣಿಟ್ಟಿರೋದು ಒಲಿಂಪಿಕ್ ದೂರದ ಅರ್ಧದಷ್ಟಿರೋ ಸ್ಪ್ರಿಂಟ್ ರೇಸಿನ ಮೇಲೆ: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಸುಸ್ತಾದರೆ ಸೈಕಲ್ ನಿಧಾನ ಮಾಡಬಹುದು, ಓಟ ಬಿಟ್ಟು ನಡೆಯಬಹುದು. ನೀರಲ್ಲಿ ಉಸಿರು ತಪ್ಪಿದರೆ ಆ ಸೌಕರ್ಯ ಇಲ್ಲ. 25 ಮೀಟರ್ ಪೂಲಿನಲ್ಲಿ 750 ಅಂದರೆ ಈ ತುದಿಯಿಂದ ಆ ತುದಿಗೆ 30 ಸಲ. ಹಾಗಾಗಿ ಮಳೆಗಾಲ ಈಜಿಗೇ ಹೋಗಲಿ ಅನ್ನೋದು ಕೋಚ್ ವಾದ. "ನೀರಂತೂ ಎರಡು ಕಡೆಯಿಂದಲೂ ಇದೆಯಲ್ಲ" ಅಂದರು, ನಗದೆ.

ಮಳೆ ಎಲ್ಲಿದೆ? ಈ ಪ್ರಶ್ನೆಯನ್ನು ಎಷ್ಟು ಜನರಿಗೆ ಕೇಳಬೇಕು ಅಂತ ಯೋಚಿಸ್ತಾ ಇದ್ದೇನೆ. ಆಫೀಸಿನ ಟಾರ್ಗೆಟ್ ಬರೆಯೋರಿಗೆ, ಜೂನ್‌ನಲ್ಲಿ ರಸ್ತೆ ಅಗೆಯೋರಿಗೆ. ಸಾಗರದ ನಮ್ಮ ದೊಡ್ಡಪ್ಪನಿಗೆ ಕೇಳಬೇಕಾಗಿಲ್ಲ. ಮಳೆಗೆ ಮುಂಚೆ ಅಡಿಕೆಗೆ ಒಮ್ಮೆ ಕೊಳೆರೋಗದ ಔಷಧಿ ಬೋರ್ಡೋ ದ್ರಾವಣ ಹೊಡೆಸ್ತಾರೆ, ನಲವತ್ತು ದಿನ ಬಿಟ್ಟು ಇನ್ನೊಮ್ಮೆ. ಆದರೆ ಆ ನಲವತ್ತನೇ ದಿನ ಯಾವುದು ಅಂತ ಕ್ಯಾಲೆಂಡರ್ ಹೇಳಲ್ಲ. ದ್ರಾವಣಕ್ಕೆ ಬೇಕಾದ ಮೈಲುತುತ್ತ, ಸುಣ್ಣ ತಂದಿಟ್ಟು ಹೊಳವಿಗೆ, ಅಂದರೆ ಮಳೆ ಬಿಡುವು ಕೊಡೋದಕ್ಕೆ, ಕಾಯ್ತಾರೆ. ಹೊಳವಾದ ಕೂಡಲೇ ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡನಿಗೆ ಫೋನು. ಅದಕ್ಕೆ ಯಾರೂ ಶಿಸ್ತಿಲ್ಲ ಅನ್ನಲ್ಲ. ನಾನು ಬುಧವಾರದ ಸೈಕಲ್ಲನ್ನು ಶುಕ್ರವಾರಕ್ಕೆ ಹಾಕಿದರೆ ಮಾತ್ರ ಗೆಳತಿಗೆ ಸೋಮಾರಿತನ ಕಾಣತ್ತೆ!

ಕೊನೆಗೆ ಹನ್ನೆರಡು ವಾರದ ಇನ್ನೊಂದು ಪ್ಲ್ಯಾನು ಆರಿಸಿಕೊಂಡೆ. ಅದರಲ್ಲಿ ಸೋಮವಾರ, ಬುಧವಾರ ಅಂತ ದಿನದ ಹೆಸರೇ ಇಲ್ಲ. ವಾರಕ್ಕೆ ಎರಡು ಈಜು, ಎರಡು ಸೈಕಲ್, ಎರಡು ಓಟ. ನಾಲ್ಕನೇ ವಾರ ಎಲ್ಲವೂ ಕಡಿಮೆ. ಒಂದು ದಿನ ಸೈಕಲ್ ಇಳಿದ ತಕ್ಷಣ ಓಡಬೇಕು, ಇದಕ್ಕೆ ಬ್ರಿಕ್ ಅಂತಾರೆ. ಮೊದಲ ಹತ್ತು ನಿಮಿಷ ಕಾಲು ನಮ್ಮ ಮಾತೇ ಕೇಳಲ್ಲ. ಮಳೆ ಬಿಟ್ಟ ದಿನ ಗಾಜನೂರಿನ ಕಡೆ ಸೈಕಲ್, ಬಿಡದಿದ್ದರೆ ಪೂಲ್.

ಗೆಳತಿಗೆ ಹೇಳಿದೆ. "ಅಷ್ಟೆಲ್ಲ ಯಾಕೆ? ಮಳೆ ನಿಂತ ಮೇಲೆ ಶುರು ಮಾಡು" ಅಂದಳು.

"ಆಗ ಅಡಿಕೆ ಕೊಯ್ಲು ಶುರುವಾಗತ್ತೆ ಕಣೇ" ಅಂದೆ.