ಒಂದು ಕ್ವಾರ್ಟರ್ ಅಂದರೆ ಎಷ್ಟು ಗ್ರಾಂ?

ದಾವಣಗೆರೆ ಎಪಿಎಂಸಿ ಸುತ್ತಮುತ್ತ ಯಾರನ್ನು ಕೇಳಿದರೂ "ನಂದು ಲಿಮಿಟ್ ಐತ್ರಿ, ಬರೀ ಒಂದು ಕ್ವಾರ್ಟರ್" ಅಂತಾರೆ. ಆ ಲಿಮಿಟ್ಟನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಕ್ವಾರ್ಟರ್ ಅಂದರೆ 180 ಎಂಎಲ್. ವಿಸ್ಕಿ, ರಮ್ಮಿನ ಮೇಲೆ ಸಾಮಾನ್ಯವಾಗಿ 42.8% ಎಂದಿರುತ್ತದೆ. ಅಂದರೆ ಒಳಗಿರುವ ಆಲ್ಕೋಹಾಲ್ 77 ಎಂಎಲ್, ತೂಕದಲ್ಲಿ ಸುಮಾರು 60 ಗ್ರಾಂ. ಒಂದೇ ಸಲಕ್ಕೆ 60 ಗ್ರಾಂ ಮುಟ್ಟಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಿಪರೀತ ಕುಡಿತವೆಂದೇ ಎಣಿಸುತ್ತದೆ. ಬ್ರಿಟನ್ನಿನಲ್ಲಿ ಹೇಳುವ ಮಿತಿ ಇಡೀ ವಾರಕ್ಕೆ 112 ಗ್ರಾಂ. ಎರಡು ಕ್ವಾರ್ಟರಿಗೇ ಅದು ದಾಟಿತು. ಬಿಯರ್ ಹಗುರ ಅನ್ನುವವರಿಗೂ ಒಂದು ಮಾತು: 8% ಇರುವ 650 ಎಂಎಲ್ ಸ್ಟ್ರಾಂಗ್ ಬಾಟಲಿಯಲ್ಲಿ 41 ಗ್ರಾಂ ಇದೆ. ಸೋಡಾ ಎಷ್ಟು ಬೆರೆಸಿದರೂ ಗ್ರಾಂ ಇಳಿಯುವುದಿಲ್ಲ.

ಹಾಗಾದರೆ ನಿಜವಾಗಿಯೂ ಕಡಿಮೆ ಕುಡಿದರೆ? ಅಪಾಯ ತಗ್ಗುತ್ತದೆ, ಸೊನ್ನೆಯಾಗುವುದಿಲ್ಲ. ಮದ್ಯ ಕ್ಯಾನ್ಸರ್‌ಕಾರಕ ಎಂಬುದು 1988ರಲ್ಲೇ ಸಾಬೀತಾಗಿದೆ. ಜತೆಗೆ ಗುಟ್ಕಾ ಇದ್ದರೆ ಬಾಯಿ, ಗಂಟಲಿಗೆ ಅಪಾಯ ಇನ್ನೂ ಹೆಚ್ಚು. ಹೃದಯಕ್ಕೆ ಒಳ್ಳೆಯದು ಎಂಬ ಮಾತಿಗೂ ಬುಡ ಗಟ್ಟಿಯಿಲ್ಲ. ಹಳೆಯ ಎಷ್ಟೋ ಅಧ್ಯಯನಗಳು ಕಾಯಿಲೆ ಬಿದ್ದು ಕುಡಿತ ಬಿಟ್ಟವರನ್ನೂ 'ಕುಡಿಯದವರ' ಸಾಲಿಗೆ ಸೇರಿಸಿದ್ದವು, ಹಾಗಾಗಿ ಸ್ವಲ್ಪ ಕುಡಿಯುವವರೇ ಗಟ್ಟಿಮುಟ್ಟಾಗಿರುವಂತೆ ಕಂಡಿತು.

ಲಿವರ್ ಗಂಟೆಗೆ 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ರಾತ್ರಿ ಹತ್ತಕ್ಕೆ ಮುಗಿಸಿದ ಕ್ವಾರ್ಟರ್ ಬೆಳಗಿನ ಜಾವ ನಾಲ್ಕಕ್ಕೆ ಚಿತ್ರದುರ್ಗ ದಾರಿಗೆ ಲಾರಿ ತೆಗೆಯುವಾಗಲೂ ರಕ್ತದಲ್ಲಿ ಉಳಿದಿರಬಹುದು. ನಿಂಬೆರಸ, ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ಕೊಬ್ಬು ತುಂಬಿದ ಲಿವರ್ ಕೆಲವು ವಾರ ಕುಡಿತ ನಿಲ್ಲಿಸಿದರೆ ಸುಧಾರಿಸುತ್ತದೆ. ಗಟ್ಟಿಯಾಗಿ ಗಂಟುಕಟ್ಟಿದ್ದು ಮೊದಲಿನಂತಾಗುವುದು ಅಪರೂಪ.

ಮನೆಯವರು ಇದೊಂದನ್ನು ತಪ್ಪದೆ ತಿಳಿದಿರಬೇಕು. ದಿನಾ ವಿಪರೀತ ಕುಡಿಯುವವರನ್ನು ಆಣೆ ಹಾಕಿಸಿ, ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಆರೇಳು ಗಂಟೆಯಲ್ಲಿ ಕೈ ನಡುಗಿ ಬೆವರು ಕಿತ್ತುಬರುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಇಲ್ಲದವರು ಕಂಡಂತೆ ಮಾತಾಡಿದರೆ ಅದು ದೆವ್ವವಲ್ಲ, ಜೀವಕ್ಕೇ ಕುತ್ತು. ಆಗಿಂದಾಗಲೇ ಆಸ್ಪತ್ರೆಗೆ ಒಯ್ಯಿರಿ. ದಿನಕ್ಕೆ ಎಷ್ಟು, ಕೊನೆಯ ಸಲ ಎಷ್ಟು ಗಂಟೆಗೆ ಕುಡಿದರು ಎಂದು ಮುಚ್ಚಿಡದೆ ಹೇಳಿ. ಅದು ಗೊತ್ತಿದ್ದರೆ ವೈದ್ಯರು ಗ್ಲೂಕೋಸ್ ಹಾಕುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಡುತ್ತಾರೆ. ಆ ಬಿ1 ಇಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು.

ಬಿಡಬೇಕು ಅಂತ ಮನಸ್ಸು ಮಾಡಿದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.