ರೋಮ್ ನಗರದ ಹುಟ್ಟುಹಬ್ಬಕ್ಕೆ ಹೋಗುವವರಿಗೆ

ಏಪ್ರಿಲ್ 21 ರೋಮ್ ನಗರದ ಹುಟ್ಟುಹಬ್ಬ. ಕ್ರಿ.ಪೂ. 753ರಲ್ಲಿ ಆ ದಿನವೇ ರೊಮುಲಸ್ ಊರು ಕಟ್ಟಿದ ಅಂತ ನಂಬಿಕೆ. ಅಂದೇ ಕುರಿಗಾಹಿಗಳ ಪರೀಲಿಯಾ ಹಬ್ಬವೂ ಇತ್ತು. ಹುಲ್ಲಿಗೆ ಬೆಂಕಿ ಹಚ್ಚಿ ಹಾರುತ್ತಿದ್ದರು. ಮಂಡ್ಯ ಕಡೆ ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸ್ತಾರಲ್ಲ, ಹಾಗೆ.

ಈಗ ಬೆಂಕಿ ಇಲ್ಲ, ಮೆರವಣಿಗೆ ಇದೆ. ಸಾಮಾನ್ಯವಾಗಿ ಹತ್ತಿರದ ಭಾನುವಾರ, ಚಿರ್ಕೊ ಮಾಸ್ಸಿಮೊ ಮೈದಾನದ ಸುತ್ತಮುತ್ತ. ರೋಮ್‌ನ ಮುಖ್ಯ ರೈಲು ನಿಲ್ದಾಣ ಟರ್ಮಿನಿಯಿಂದ ಮೆಟ್ರೊ ಬಿ ಹತ್ತಿದರೆ ಮೂರನೇ ಸ್ಟಾಪ್. ಕಾರ್ಯಕ್ರಮ ವರ್ಷವರ್ಷ ಬದಲಾಗುತ್ತೆ, ಟಿಕೆಟ್ ಬುಕ್ ಮಾಡುವ ಮೊದಲು ನೋಡಿಕೊಳ್ಳಿ. ಮೈದಾನದಲ್ಲಿ ನೆರಳು ಕಮ್ಮಿ, ಟೋಪಿ ಬೇಕೇ ಬೇಕು. ನೀರಿಗೆ ದುಡ್ಡು ಕೊಡಬೇಡಿ. ಬೀದಿಯ ನಲ್ಲಿಗಳಲ್ಲಿ ತಣ್ಣನೆ ನೀರು ಸದಾ ಹರಿಯುತ್ತೆ. ಶಿರಸ್ತ್ರಾಣ ಕಂಕುಳಲ್ಲಿ ಇಟ್ಟುಕೊಂಡ ಒಬ್ಬ 'ರೋಮನ್ ಸೈನಿಕ' ನನ್ನ ಮುಂದೆಯೇ ಅಲ್ಲಿ ಬಾಟಲಿ ತುಂಬಿಸಿಕೊಂಡ.

ನನ್ನ ಕೇಳಿದರೆ, ಮೆರವಣಿಗೆಗಿಂತ ಪ್ಯಾಂಥಿಯನ್ ಅನ್ನೋ ಹಳೇ ರೋಮನ್ ಗುಡಿ ಮುಖ್ಯ. ಗುಮ್ಮಟದ ನಡುವೆ ಸುಮಾರು 9 ಮೀಟರ್ ಅಗಲದ ತೆರೆದ ಕಿಂಡಿ. ಏಪ್ರಿಲ್ 21ರ ಆಸುಪಾಸಿನಲ್ಲಿ ನಡುಹಗಲಿಗೆ ಅದರಿಂದ ಇಳಿದ ಬಿಸಿಲು ನೇರ ಬಾಗಿಲಿಗೇ ಬೀಳುತ್ತೆ. ಗಡಿಯಾರದ 12 ಗಂಟೆಗೆ ಹೋದರೆ ಬೆಳಕಿನ ವೃತ್ತ ಇನ್ನೂ ಪಕ್ಕದ ಗೋಡೆ ಕಡೆ ಇರುತ್ತೆ. ಇಟಲಿಯಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಟ್ಟಿರುತ್ತಾರೆ, ಸೂರ್ಯನ ನಡುಹಗಲು ಅಂದರೆ ಸುಮಾರು 1 ಗಂಟೆ 10 ನಿಮಿಷ. ಅರ್ಧ ಗಂಟೆ ಮೊದಲೇ ಒಳಗಿರುವ ಹಾಗೆ ಟಿಕೆಟ್ ತೆಗೆದುಕೊಳ್ಳಿ. ಇದು ಈಗಲೂ ಚರ್ಚು, ಭುಜ ಮುಚ್ಚುವ ಬಟ್ಟೆ ಇರಲಿ. ಮೋಡ ಇದ್ದರೆ ಏನೂ ಕಾಣಲ್ಲ. ಹಿಂದಿನ ದಿನ, ಮಾರನೇ ದಿನವೂ ಬೆಳಕು ಹೆಚ್ಚುಕಮ್ಮಿ ಅಲ್ಲೇ ಬೀಳುತ್ತೆ. ಒಂದೇ ದಿನ ನೆಚ್ಚಿಕೊಳ್ಳೋದು ಯಾಕೆ, ಅಲ್ವಾ?

ಟರ್ಮಿನಿ ಎದುರಿನ ಪಲಾಝೊ ಮಾಸ್ಸಿಮೊ ಮ್ಯೂಸಿಯಂ ಬಿಡಬೇಡಿ. ಸೋಮವಾರ ರಜೆ. ಜೂಲಿಯಸ್ ಸೀಸರ್ ಪಂಚಾಂಗ ತಿದ್ದುವ ಮೊದಲಿನ, ಗಾರೆಯ ಮೇಲೆ ಕೆಂಪು-ಕಪ್ಪು ಬಣ್ಣದಲ್ಲಿ ಬರೆದ ಕ್ಯಾಲೆಂಡರ್ ಅಲ್ಲಿದೆ. ಚೂರುಚೂರಾಗಿದೆ, ಆದರೂ ಓದಬಹುದು. ಎಂಟು ದಿನಕ್ಕೊಮ್ಮೆ ಸಂತೆ, ಅದಕ್ಕೆ ಎ ಯಿಂದ ಎಚ್ ವರೆಗೆ ಅಕ್ಷರ. ಪಕ್ಕದಲ್ಲಿ ಎಫ್ ಇದ್ದರೆ ಕೋರ್ಟು ನಡೆಸಬಹುದು, ಎನ್ ಇದ್ದರೆ ಇಲ್ಲ.

ಮಾರ್ಚ್ 15 ಸೀಸರ್ ಕೊಲೆಯಾದ ದಿನ. ಆಗ ಹೋಗುವವರು ಹಳೇ ರೋಮ್‌ನ ನಡುಚೌಕ ಫೋರಂನಲ್ಲಿ ಸೀಸರ್ ಗುಡಿಯ ಅವಶೇಷ ನೋಡಿ, ಜನ ಹೂವು ಇಟ್ಟಿರುತ್ತಾರೆ.

ಏಪ್ರಿಲ್ 25 ಇಟಲಿಗೆ ಸರ್ಕಾರಿ ರಜೆ. ಈಸ್ಟರ್ ಕೂಡ ಹತ್ತಿರ ಬಿದ್ದರೆ ರೂಮ್ ಬಾಡಿಗೆ ಜಾಸ್ತಿ. ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ 6 ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಅಕ್ಟೋಬರ್ ಕೊನೆಗೇ ಶುರು ಮಾಡಿ.